ಅಂಗಮಾರಿಗೆ ಕಾಡು ಆಲೂಗಡ್ಡೆಯ ಮದ್ದು

ಹಾಸನದ ಕಡೆ ಆಲೂಗಡ್ಡೆ ಹಾಕಿದವರಿಗೆ ಅಂಗಮಾರಿಯ ಪರಿಚಯ ಮಾಡಿಕೊಡಬೇಕಿಲ್ಲ. ಮೋಡ ಕವಿದು ಜಡಿಮಳೆ ಹಿಡಿಯಿತೋ, ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಲೆ. ಎಲೆ ತಿರುವಿದರೆ ಬೆಳ್ಳನೆ ಬೂಸು. ನೋಡನೋಡುತ್ತಲೇ ಹೊಲವೆಲ್ಲ ಕಪ್ಪು! 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನಾಶ ಮಾಡಿ, ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದೂ ಇದೇ ರೋಗ.

ಮದ್ದು ಸಿಕ್ಕಿದ್ದು ಮೆಕ್ಸಿಕೋದ ಕಾಡು ಆಲೂಗಡ್ಡೆಗಳಲ್ಲಿ. ತಲತಲಾಂತರದಿಂದ ಈ ರೋಗಾಣುವಿನ ಜೊತೆ ಗುದ್ದಾಡಿ ಬದುಕಿದ ಗಿಡಗಳವು. ಮೊದಲು ಸೊಲಾನಮ್ ಡೆಮಿಸಮ್ ಎಂಬ ಜಾತಿಯ ಜೊತೆ ಸಂಕರ ಮಾಡಿದರು. ತಳಿ ಬಂತು. ಆದರೆ ರೋಗಾಣು ಸುಮ್ಮನಿರುತ್ತದೆಯೇ? ರೂಪ ಬದಲಿಸಿಕೊಂಡು ಮತ್ತೆ ಮುತ್ತಿತು.

ಆಮೇಲೆ ಕಣ್ಣು ಬಿದ್ದದ್ದು ಸೊಲಾನಮ್ ಬಲ್ಬೊಕ್ಯಾಸ್ಟಾನಮ್ ಮೇಲೆ. ಹೆಸರು ಉದ್ದ, ಗೆಡ್ಡೆ ಪುಟಾಣಿ, ಆದರೆ ಗಟ್ಟಿಗ. ತೊಡಕೇನೆಂದರೆ, ನಮ್ಮ ಆಲೂಗಡ್ಡೆಯಲ್ಲಿ ಕ್ರೋಮೋಸೋಮ್ 48, ಇದರಲ್ಲಿ 24. ನೇರವಾಗಿ ಸಂಕರ ಕೂಡಿಬರುವುದಿಲ್ಲ. ನೆದರ್ಲೆಂಡ್ಸ್‌ನವರು ನಡುವೆ ಬೇರೆ ಜಾತಿಗಳನ್ನು ಸೇತುವೆ ಮಾಡಿಕೊಂಡು, ದಶಕಗಟ್ಟಲೆ ದುಡಿದು, ಬಯೋನಿಕಾ, ಟೊಲುಕಾ ತಳಿಗಳನ್ನು ತಂದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎರಡೂ ಗಿಡಗಳ ಜೀವಕೋಶಗಳನ್ನೇ ಬೆಸೆದರು. ರೋಗ ತಡೆಯುವ ಆರ್‌ಬಿ ಜೀನನ್ನು ಗುರುತಿಸಿ ಬೇರ್ಪಡಿಸಿದ್ದು 2003ರಲ್ಲಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಈ ಜೀನನ್ನು ನಮ್ಮ ಕುಫ್ರಿ ಜ್ಯೋತಿ ತಳಿಗೂ ಸಂಕರದಿಂದ ಸೇರಿಸಿ ಪರೀಕ್ಷಿಸಿದೆ.

ಆದರೆ ಆರ್‌ಬಿ ಕಾಯುವುದು ಮುಖ್ಯವಾಗಿ ಎಲೆಯನ್ನು. ಗೆಡ್ಡೆಗೆ ಅಷ್ಟು ರಕ್ಷೆಯಿಲ್ಲ. ರೋಗವನ್ನು ಪೂರಾ ನಿಲ್ಲಿಸದೆ ನಿಧಾನ ಮಾಡುತ್ತದೆ. ಹಾಗಾಗಿ ಒಂದೇ ಜೀನ್ ನೆಚ್ಚಿಕೊಂಡರೆ ಕೆಟ್ಟೆವು, ಎರಡು ಮೂರನ್ನು ಒಟ್ಟಿಗೆ ಸೇರಿಸುವುದೇ ಸರಿಯಾದ ದಾರಿ. ಸದ್ಯಕ್ಕೆ, ಬಿತ್ತನೆ ಗೆಡ್ಡೆ ಕೊಳ್ಳುವಾಗ ದರದ ಜೊತೆಗೆ ಇದನ್ನೂ ಕೇಳಿ: ಈ ತಳಿ ಅಂಗಮಾರಿ ತಡೆಯುತ್ತದಾ?