ವೀರಯಾತ್ರೆಯ ಮಾದರಿ ಮತ್ತು ಅದರ ಮೇರೆ

ಕಥೆಗಳೆಲ್ಲಕ್ಕೂ ಮೂಲದಲ್ಲಿ ಒಂದೇ ಚೌಕಟ್ಟುಂಟೆಂಬ ವಾದವು ಆಗಾಗ ಕೇಳಿಬರುತ್ತದೆ. ಇದಕ್ಕೆ ಮುಖ್ಯ ಆಧಾರವಾದುದು ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ಲರು ೧೯೪೯ರಲ್ಲಿ ಪ್ರಕಟಿಸಿದ ಗ್ರಂಥ. ನಾಯಕನು ಮನೆಯನ್ನು ತೊರೆಯುತ್ತಾನೆ. ಅಪರಿಚಿತ ಲೋಕದಲ್ಲಿ ಪರೀಕ್ಷೆಗಳಿಗೆ ಒಳಗಾಗುತ್ತಾನೆ. ಗಳಿಸಿದ ವರದೊಡನೆ ತನ್ನ ಜನರ ಬಳಿಗೆ ಮರಳುತ್ತಾನೆ. ನಿರ್ಗಮನ, ದೀಕ್ಷೆ, ಪುನರಾಗಮನ ಎಂಬಿವೇ ಈ ಮಾದರಿಯ ಮೂರು ಘಟ್ಟಗಳು. ಅನೇಕ ಪುರಾಣಕಥೆಗಳಿಗೆ ಇದು ಹೊಂದುವುದೆಂಬುದರಲ್ಲಿ ಸಂದೇಹವಿಲ್ಲ. ಎಲ್ಲಕ್ಕೂ ಹೊಂದುವುದೇ ಎಂಬುದು ಇಲ್ಲಿ ನಮ್ಮ ವಿಚಾರ.

ರಷ್ಯಾದ ವ್ಲಾದಿಮಿರ್ ಪ್ರಾಪ್ಪರು ೧೯೨೮ರಲ್ಲಿ ೩೧ ಕಥಾಕ್ರಿಯೆಗಳ ಸರಣಿಯೊಂದನ್ನು ಗುರುತಿಸಿದರಾದರೂ ಅದನ್ನು ಅದ್ಭುತಕಥೆಗಳೆಂಬ ಒಂದೇ ವರ್ಗಕ್ಕೆ ಸೀಮಿತಗೊಳಿಸಿದ್ದರು. ಈ ಎಚ್ಚರವು ಅಗತ್ಯವೆಂಬುದಕ್ಕೆ ಎ. ಕೆ. ರಾಮಾನುಜನ್ನರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದನ್ನು ನೋಡಬಹುದು. ಬಡ ಹುಡುಗಿಯೊಬ್ಬಳು ನೀರು ಹುಯ್ಯಿಸಿಕೊಂಡು ಹೂವಿನ ಮರವಾಗಬಲ್ಲಳು. ಅರಸುಮಗನು ಆಕೆಯನ್ನು ವರಿಸುತ್ತಾನೆ. ವೀರಕಥೆಯು ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುವುದು. ಇಲ್ಲಿ ಸಂಕಟವು ಮದುವೆಯಿಂದಲೇ ಮೊದಲಾಗುವುದು. ನಾದಿನಿಯು ಒತ್ತಾಯದಿಂದ ಆಕೆಯನ್ನು ಮರವಾಗಿಸಿ, ಕೊಂಬೆಗಳನ್ನು ಮುರಿದು, ಅರೆದೇಹವಾಗಿ ಬಿಟ್ಟುಹೋಗುತ್ತಾಳೆ. ಆಕೆಯು ಯಾತ್ರೆ ಹೊರಡುವುದಿಲ್ಲ. ಕೈಕಾಲಿಲ್ಲದವಳನ್ನು ಇತರರು ಒಯ್ಯುತ್ತಾರೆ. ಕಡೆಗೆ ಗಂಡನು ಕೊಂಬೆಗಳನ್ನು ಕೂಡಿಸಿ ನೀರೆರೆದಾಗ ಆಕೆಯು ಮತ್ತೆ ಹೆಣ್ಣಾಗುತ್ತಾಳೆ. ಆಕೆಯನ್ನು ಕಳೆದುಕೊಂಡು ಅಲೆದ ಗಂಡನೇ ನಾಯಕನೆಂದರೆ ಮಾದರಿಯು ಹೊಂದೀತು. ಆದರೆ ಆಗ ಕಥೆಯು ಆಕೆಯದಾಗಿ ಉಳಿಯದು.

ಹೆಣ್ಣಿನ ಕಥೆಯಿರಲಿ, ವೀರನ ಕಥೆಗೂ ಈ ತೊಡಕು ತಪ್ಪಿದುದಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ ಕೆತ್ತಲ್ಪಟ್ಟಿರುತ್ತವೆ. ಕಳ್ಳರು ಹಿಡಿದ ತುರುಗಳನ್ನು ಬಿಡಿಸಿ ಮಡಿದವನ ಕಥೆಯಲ್ಲಿ ಊರಿಗೆ ಮರಳುವುವು ತುರುಗಳು, ವೀರನಲ್ಲ. ಸ್ವರ್ಗಪ್ರಾಪ್ತಿಯೇ ಪುನರಾಗಮನವೆಂದು ವಾದಿಸಬಹುದು. ಹಾಗೆ ಎಲ್ಲವನ್ನೂ ಒಳಗೊಳ್ಳುವಂತೆ ಹಿಗ್ಗಿಸಿದ ಪದವು ಯಾವುದನ್ನೂ ವಿವರಿಸಲಾರದು. ತಾನು ಮರಳದೆ ಊರನ್ನು ಉಳಿಸಿದನೆಂಬುದೇ ಅವನಿಗೆ ಕಲ್ಲು ನಿಲ್ಲಿಸಲು ಕಾರಣ. ಮಾದರಿಯು ಮರೆಸುವುದು ಇದನ್ನೇ.

ಈ ಮಾದರಿಯನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಯಾರು ಹೊರಟರು, ಯಾರು ಮರಳಿದರು, ಫಲವು ಯಾರಿಗೆ ಸಂದಿತು ಎಂದು ಕೇಳಲು ಅದು ಉಪಯುಕ್ತವಾದುದು. ಉತ್ತರವು ಮಾದರಿಗೆ ಒಗ್ಗದೆಡೆ ಕಥೆಯನ್ನು ತಿದ್ದದೆ, ಅದನ್ನು ಹಾಗೆ ಹೇಳಿದ ಜನರ ಬಾಳನ್ನು ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.