ಡಾಕ್ಟರಾಗುವ ಓದಿಗೆ ಮಿರ್ಚಿ-ಮಂಡಕ್ಕಿ ವಿರಾಮ

ದಾವಣಗೆರೆ-ಹರಿಹರ: ಬೆಳಿಗ್ಗೆ ಹರಿಹರದಿಂದ ದಾವಣಗೆರೆಗೆ ಹೊರಡುವ ಬಸ್ಸು ಹತ್ತಿದರೆ ಸಾಕು, ಊರಿನ ಮಕ್ಕಳ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ಕಿವಿಗೆ ಬೀಳುತ್ತದೆ. "ಬಯಾಲಜಿ ಎಷ್ಟು ಮುಗೀತಲೇ?" "ಎಲ್ಲಿ ಮುಗೀತೈತಿ ಮಾರಾಯ, ಜೆನೆಟಿಕ್ಸ್ ಇನ್ನೂ ಹಂಗೇ ಐತಿ." 14 ಕಿಲೋಮೀಟರಿನ ಆಸುಪಾಸಿನ ದಾರಿ. ಅಷ್ಟರಲ್ಲಿ ನಾಲ್ಕು ಪುಟ ತಿರುವಿ ಹಾಕಿದರೆ ಅಷ್ಟೇ ಲಾಭ ಎಂಬ ಲೆಕ್ಕಾಚಾರ. ಪಿಯುಸಿ ಎರಡನೇ ವರ್ಷದ ವಿಜ್ಞಾನದ ಹುಡುಗ ಹುಡುಗಿಯರ ಬಾಯಲ್ಲಿ ಈಗ ಒಂದೇ ಜಪ: ನೀಟ್.

ಈ ಜಪಕ್ಕೆ ಕಾರಣವೂ ಊರಲ್ಲೇ ಇದೆ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ಕ್ರಮೇಣ ಕಾಲೇಜುಗಳ ಊರಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು, 2006ರಲ್ಲಿ ಎಸ್.ಎಸ್. ವೈದ್ಯಕೀಯ ಕಾಲೇಜು ಸೇರಿತು. ಬಿಳಿ ಕೋಟು ತೊಟ್ಟು ಓಡಾಡುವ ಹುಡುಗರನ್ನು ದಿನಾ ನೋಡುವ ಅಪ್ಪ-ಅವ್ವನಿಗೆ "ನಮ್ಮದೂ ಒಂದು ಡಾಕ್ಟರಾಗಲಿ" ಎಂದು ಆಸೆ ಹುಟ್ಟುವುದು ಸಹಜವೇ.

ಒಂದು ಪ್ರಶ್ನೆಗೆ ಒಂದು ನಿಮಿಷ

ಹಿಂದೆ ಪಿಯುಸಿ ಅಂಕವೇ ಎಲ್ಲ. 1994ರಲ್ಲಿ ಸಿಇಟಿ ಬಂತು. 2017ರಿಂದ ರಾಜ್ಯದ ಮೆಡಿಕಲ್ ಸೀಟಿಗೆಲ್ಲ ನೀಟ್ ಒಂದೇ ಬಾಗಿಲು. ಅದೇ ವರ್ಷದಿಂದ ಕನ್ನಡದಲ್ಲೂ ಬರೆಯಲು ಅವಕಾಶವಾಯಿತು. 2025ರ ಪರೀಕ್ಷೆಯ ಲೆಕ್ಕ ಹೀಗಿತ್ತು: 180 ಪ್ರಶ್ನೆ, 180 ನಿಮಿಷ, 720 ಅಂಕ. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45. ಸರಿ ಬರೆದರೆ ನಾಲ್ಕು ಅಂಕ, ತಪ್ಪಿದರೆ ಕೈಯಲ್ಲಿದ್ದುದರಲ್ಲೇ ಒಂದು ಹೋಯಿತು.

ಒಂದು ನಿಮಿಷಕ್ಕೆ ಒಂದು ಪ್ರಶ್ನೆ ಎಂದರೆ ಗಿಣಿಪಾಠ ಒಪ್ಪಿಸಿ ದಡ ಸೇರುವ ಮಾತಲ್ಲ. ವಿಷಯ ಮೈಗೆ ಹತ್ತಿರಬೇಕು. ಆದರೆ ಮನೆಮನೆಯಲ್ಲಿ ನಡೆಯುತ್ತಿರುವುದು ಏನು? ಬೆಳಿಗ್ಗೆ ಐದಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಕೋಚಿಂಗು, ರಾತ್ರಿ ಹನ್ನೊಂದರವರೆಗೆ ಪುಸ್ತಕ. ನಡುವೆ ಹುಡುಗ ಹತ್ತು ನಿಮಿಷ ಕಟ್ಟೆ ಮೇಲೆ ಕುಂತರೆ, "ಯಾಕಪ್ಪಾ, ಓದಿದ್ದೆಲ್ಲ ಮುಗೀತೇನು? ಫೀಸು ಎಷ್ಟು ಕಟ್ಟೀವಿ ಗೊತ್ತೈತಾ?" ಎಂಬ ಮಾತು ಕಾದಿರುತ್ತದೆ. ವಿರಾಮವೆಂದರೆ ಕಳ್ಳತನ ಎಂಬಂತಾಗಿದೆ.

ಹೆಪ್ಪು ಕಲಕಬಾರದು

ವಿಜ್ಞಾನ ಹೇಳುವುದೇ ಬೇರೆ. ಜರ್ಮನಿಯ ಎಬಿಂಗ್‌ಹೌಸ್ ಎಂಬಾತ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು, ಅರ್ಥವಿಲ್ಲದೆ ಬಾಯಿಪಾಠ ಮಾಡಿದ್ದು ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಮಾಸುತ್ತದೆ ಎಂದು 1885ರಲ್ಲೇ ತೋರಿಸಿದ. 1900ರಲ್ಲಿ ಅದೇ ದೇಶದ ಮ್ಯೂಲರ್ ಮತ್ತು ಪಿಲ್ಟ್‌ಸೆಕರ್ ಇನ್ನೊಂದು ಮಾತು ಸೇರಿಸಿದರು: ಕಲಿತದ್ದು ತಲೆಯಲ್ಲಿ ಗಟ್ಟಿಯಾಗಲು ಸ್ವಲ್ಪ ಹೊತ್ತು ಬೇಕು, ಅಷ್ಟರೊಳಗೆ ಹೊಸದನ್ನು ತುರುಕಿದರೆ ಹಳೆಯದು ಕೆಡುತ್ತದೆ. ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿದರೆ ಮೊಸರಾದೀತೇ?

ಹಾಗಂತ ಬಿಡುವಿನಲ್ಲಿ ಮೊಬೈಲು ಹಿಡಿದರೆ ಅದು ಬಿಡುವಲ್ಲ. ಅದು ಇನ್ನೊಂದು ರಾಶಿಯನ್ನು ತಲೆಗೆ ಸುರಿಯುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಕೈಗೆ, ಕಣ್ಣಿಗೆ, ನಾಲಿಗೆಗೆ ಕೆಲಸ ಕೊಡುವ ಆಟ ಬೇಕು. ಅದಕ್ಕೆ ಬೇಕಾದ ಸರಕೆಲ್ಲ ಈ ಎರಡು ಊರಲ್ಲೇ ಬಿದ್ದಿದೆ, ದುಡ್ಡೂ ಖರ್ಚಿಲ್ಲ.

ಊರೇ ಪ್ರಯೋಗಶಾಲೆ

ಮಿರ್ಚಿಯನ್ನೇ ತೆಗೆದುಕೊಳ್ಳಿ. ಕಚ್ಚಿದ ಕೂಡಲೆ ಬಾಯಿ ಉರಿಯುವುದು ರುಚಿಯಿಂದಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿ ಮತ್ತು ನೋವನ್ನು ಗುರುತಿಸುವ ನರದ ತುದಿಯನ್ನೇ ಮೋಸಗೊಳಿಸುತ್ತದೆ. ಆ ತುದಿಯ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಖಾರ ಹತ್ತಿದಾಗ ಒಮ್ಮೆ ನೀರು ಕುಡಿದು ನೋಡಿ, ಇನ್ನೊಮ್ಮೆ ಹಾಲು ಕುಡಿದು ನೋಡಿ. ಕ್ಯಾಪ್ಸೈಸಿನ್ ನೀರಲ್ಲಿ ಕರಗದು, ಹಾಲಿನ ಕೊಬ್ಬು ಮತ್ತು ಪ್ರೋಟೀನು ಅದನ್ನು ಎಳೆದುಕೊಳ್ಳುತ್ತವೆ. ನರಮಂಡಲದ ಒಂದು ಪಾಠ, ರಸಾಯನಶಾಸ್ತ್ರದ ಒಂದು ಪಾಠ, ಒಂದೇ ಮಿರ್ಚಿಯಲ್ಲಿ!

ಪಕ್ಕದಲ್ಲಿ ಮಂಡಕ್ಕಿ ಇದ್ದೇ ಇರುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಕಾಳಿನೊಳಗಿನ ತೇವ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಅಷ್ಟು ಜಾಗ ಕಾಳಿನಲ್ಲಿ ಎಲ್ಲಿ ಬರಬೇಕು? ಮೆತ್ತಗಾದ ಪಿಷ್ಟವನ್ನು ಉಬ್ಬಿಸಿಕೊಂಡು ಹೊರಗೆ ಬರುತ್ತದೆ. ಶಾಖ, ಒತ್ತಡ, ಗಾತ್ರದ ಸೂತ್ರವನ್ನು ಇದಕ್ಕಿಂತ ಗರಿಗರಿಯಾಗಿ ಯಾವ ಗೈಡೂ ಹೇಳಲಾರದು.

ಅಡುಗೆಮನೆಯಲ್ಲಿ ಒಂದು ಚಿಟಿಕೆ ಅರಿಶಿನ ನೀರಿಗೆ ಹಾಕಿ, ವೀಳ್ಯದೆಲೆಗೆ ಹಚ್ಚುವ ಸುಣ್ಣ ಸ್ವಲ್ಪ ಸೇರಿಸಿದರೆ ಕೆಂಪು. ಮೇಲೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಗಾಗುವುದೂ ಇದೇ ಕಾರಣಕ್ಕೆ. ಆಮ್ಲ-ಪ್ರತ್ಯಾಮ್ಲದ ಪಾಠ ಅವ್ವನ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇತ್ತು.

ತಂಗಿಯನ್ನು ಕರೆದು ಸ್ಕೇಲು ಹಿಡಿದುಕೊಳ್ಳಲು ಹೇಳಿ. ಅವಳು ಹೇಳದೆ ಕೇಳದೆ ಕೈಬಿಡಲಿ, ನೀವು ಬೆರಳಲ್ಲಿ ಹಿಡಿಯಿರಿ. 20 ಸೆಂಟಿಮೀಟರಿನಲ್ಲಿ ಹಿಡಿದರೆ ಕಣ್ಣು ಕಂಡು, ಮಿದುಳು ಹೇಳಿ, ಬೆರಳು ಕೇಳುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿಯಿತು ಎಂದರ್ಥ. ಲೆಕ್ಕ ಬೇಕಾದವರು ಗುರುತ್ವದ ಸೂತ್ರಕ್ಕೆ ಹಾಕಿಕೊಳ್ಳಲಿ. ರಾತ್ರಿ ನಿದ್ದೆಗೆಟ್ಟ ಮರುದಿನ ಇದೇ ಆಟ ಆಡಿ ನೋಡಿದರೆ ಸ್ಕೇಲು ಎಲ್ಲಿಗೆ ಜಾರುತ್ತದೆಂದು ತಾನೇ ತಿಳಿಯುತ್ತದೆ.

ಹಳೇ ನೋಟ್‌ಬುಕ್ಕಿನ ಹಾಳೆ ಸುತ್ತಿ ಕೊಳವೆ ಮಾಡಿ ಅಜ್ಜನ ಎದೆಗೆ ಹಚ್ಚಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಮಾಡಿದ್ದೂ ಇಷ್ಟೇ. ಹೆಣ್ಣುಮಗಳ ಎದೆಗೆ ಕಿವಿ ಇಡಲು ಸಂಕೋಚಪಟ್ಟು ಕಾಗದ ಸುತ್ತಿದ, ಅದೇ ಮುಂದೆ ಸ್ಟೆತೋಸ್ಕೋಪ್ ಆಯಿತು. ಬಡಿತ ನಿಮಿಷಕ್ಕೆ 72, ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ ಎಂದರೆ ನಿಮಿಷಕ್ಕೆ ಐದು ಲೀಟರ್. ಪುಸ್ತಕದಲ್ಲಿ ಇದು ಒಂದು ಸಾಲು, ಅಜ್ಜನ ಎದೆಯಲ್ಲಿ ಜೀವ.

ಹರಿಹರದವರಿಗೆ ತುಂಗಭದ್ರೆಯೇ ಇದ್ದಾಳೆ. ಹೊಳೆಗೆ ಇಳಿಯುವ ಸಾಹಸ ಬೇಡ. ನಿಂತ ನೀರಿನ ಒಂದು ಹನಿ ತಂದು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪ್ಯಾರಾಮೀಸಿಯಂ ತಾನಾಗಿ ದರ್ಶನ ಕೊಟ್ಟೀತು. ಅದೂ ಸಿಗದಿದ್ದರೆ, ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ಕಾಗದ ಮಡಚಿ ಮಾಡಿದ ಅಗ್ಗದ ಫೋಲ್ಡ್‌ಸ್ಕೋಪ್ ಇದೆ. ನಾಲ್ಕು ಮಂದಿ ಗೆಳೆಯರು ಸೇರಿ ಒಂದು ಕೊಂಡರೆ ಆಯಿತು.

ಆಟಕ್ಕೂ ಅಂಕ ಕೇಳಬೇಡಿ

ಅರ್ಧ ಗಂಟೆ ಸಾಕು. ಮುಗಿದ ಮೇಲೆ ಪುಸ್ತಕ ತೆರೆಯದೆ, ಕಂಡದ್ದನ್ನು ಸ್ವಂತ ಮಾತಲ್ಲಿ ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ನೆನಪಿನಿಂದ ಹೊರತೆಗೆದು ಬರೆದದ್ದು ಹತ್ತು ಸಲ ಓದಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಆದರೆ ಇದನ್ನೂ ಇನ್ನೊಂದು ಟ್ಯೂಷನ್ ಮಾಡಬಾರದು. "ಇದು ಎಷ್ಟು ಮಾರ್ಕಿಗೆ ಬರ್ತೈತಿ?" ಎಂದು ಅಪ್ಪ ಕೇಳಿದರೆ ಆಟ ಅಲ್ಲಿಗೇ ಸತ್ತಿತು.

ಸೀಟು ಎಲ್ಲರಿಗೂ ಸಿಗುವುದಿಲ್ಲ, ಬರೆಯುವವರು ಲಕ್ಷಗಟ್ಟಲೆ. ಸಿಗದವರಿಗೆ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪ್ರಯೋಗಾಲಯದ ಓದು, ಸಂಶೋಧನೆ ಎಂದು ದಾರಿಗಳುಂಟು. ಆ ದಾರಿಯಲ್ಲಿ ಅಂಕಪಟ್ಟಿಗಿಂತ ಕುತೂಹಲ ಹೆಚ್ಚು ದೂರ ಜೊತೆಗೆ ಬರುತ್ತದೆ. ಬರೀ ಪುಸ್ತಕದ ಬದನೇಕಾಯಿ ಎಷ್ಟು ದಿನ ಸಾರಿಗೆ ಆದೀತು? ಸೀಟು ಸಿಕ್ಕವರಿಗೂ ಇದೇ ಮಾತು. ದಾವಣಗೆರೆಯ ಡಾ. ಎಚ್. ಗಿರಿಜಮ್ಮ 2021ರಲ್ಲಿ ತೀರಿಕೊಳ್ಳುವವರೆಗೂ ವೈದ್ಯೆಯೆಂದೂ ಕಾದಂಬರಿಗಾರ್ತಿಯೆಂದೂ ಹೆಸರಾಗಿದ್ದರು. ಡಾಕ್ಟರ ತಲೆಯಲ್ಲಿ ಬೇರೆಯದಕ್ಕೂ ಜಾಗವಿರುತ್ತದೆ ಎಂಬುದಕ್ಕೆ ದೂರದ ಸಾಕ್ಷಿ ಬೇಕಿಲ್ಲ.

ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ ಮಾತ್ರ ಆಟದ ಮಾತು ಬದಿಗಿಟ್ಟು ಕೂಡಲೆ ಗಮನ ಕೊಡಬೇಕು. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರೋಗಿಯ ನಾಡಿ ನೋಡಲು ಹೊರಟ ಮಕ್ಕಳ ನಾಡಿಯನ್ನು ಮನೆಯವರು ಮೊದಲು ನೋಡಲಿ.