ಸಣ್ಣ ಗಾಯದ ಆಪರೇಷನ್: ಈ ಒಂದು ಪ್ರಶ್ನೆ ನಾವು ಕೇಳುವುದೇ ಇಲ್ಲ

ಮೊಣಕಾಲು ನೋವಿಲ್ಲದ ಉಮ್ಮಂದಿರು ಈಗ ಎಷ್ಟು ಮನೆಗಳಲ್ಲಿದ್ದಾರೆ ಹೇಳಿ? ಆಪರೇಷನ್ ಎಂದ ಕೂಡಲೇ ನಾವು ಕೇಳುವುದು ಎರಡೇ: ಖರ್ಚೆಷ್ಟು, ಯಾವಾಗ ನಡೆಯಬಹುದು? ‘ಸಣ್ಣ ಗಾಯದಲ್ಲೇ ಚಿಪ್ಪು ಬದಲಿಸ್ತೇವೆ’ ಎಂದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಕಳೆದ ವರ್ಷ ನಮ್ಮ ಉಮ್ಮನ ವಿಷಯದಲ್ಲೂ ಹಾಗೇ ಆಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹೊರಗೆ ಬಂದಾಗ ಮಗಳು ಕೇಳಿದಳು, ‘ಈ ಡಾಕ್ಟರ್ ಇಂಥದ್ದು ಎಷ್ಟು ಮಾಡಿದ್ದಾರೆ?’ ನಮ್ಮಲ್ಲಿ ಉತ್ತರವಿರಲಿಲ್ಲ.

ಎಲುಬಿನ ಡಾಕ್ಟರರಿಗೆ ಎಂ.ಎಸ್. ಡಿಗ್ರಿ, ಮೆಡಿಕಲ್ ಕೌನ್ಸಿಲ್ ನೋಂದಣಿ ಇದ್ದರೆ ಎಲ್ಲಾ ಆಪರೇಷನ್ ಮಾಡಬಹುದು ಎಂದೇ ನಾವು ತಿಳಿದಿದ್ದೆವು. ಹಾಗಲ್ಲ. ತನ್ನ ಥಿಯೇಟರ್‌ನಲ್ಲಿ ಯಾರು ಯಾವ ಆಪರೇಷನ್ ಮಾಡಬಹುದು ಎಂದು ಆಸ್ಪತ್ರೆಯೇ ಬೇರೆ ಬೇರೆಯಾಗಿ ಅನುಮತಿ ಕೊಡಬೇಕು. ಅದಕ್ಕೆ ಪ್ರಿವಿಲೇಜ್ ಎನ್ನುತ್ತಾರೆ. ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಈ ಕ್ರಮ ಕಡ್ಡಾಯ. ಡಿಗ್ರಿ, ತರಬೇತಿ, ಅನುಭವ ಎಲ್ಲವನ್ನೂ ನೋಡಿಯೇ ಇದನ್ನು ಕೊಡಬೇಕು.

ಯಾಕೆ ಇಷ್ಟೆಲ್ಲಾ? ಆರ್ತ್ರೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ಕ್ಯಾಮರಾ ಒಳಗೆ ಹೋಗುತ್ತದೆ. ಡಾಕ್ಟರರ ಕೈ ಮೊಣಕಾಲಿನಲ್ಲಿ, ಕಣ್ಣು ಟಿವಿ ಪರದೆಯಲ್ಲಿ. ಸಲಕರಣೆ ಸ್ವಲ್ಪ ತಪ್ಪಿದರೂ ಮೃದ್ವಸ್ಥಿ ತರಚುತ್ತದೆ, ಅದು ಮೊದಲಿನಂತೆ ಬೆಳೆಯುವುದಿಲ್ಲ. 1918ರಲ್ಲಿ ಟೋಕಿಯೋದ ಡಾ. ಕೆಂಜಿ ಟಕಾಗಿ ಶವದ ಮೊಣಕಾಲಿನೊಳಗೆ ನಳಿಗೆ ತೂರಿಸಿ ನೋಡಿದ್ದರು. ಅದೇ ದಾರಿಯಲ್ಲಿ ಹರಿದ ಮೆನಿಸ್ಕಸ್ ಕತ್ತರಿಸಿ ತೆಗೆಯಲು ಮಸಾಕಿ ವತನಬೆಗೆ ಸಾಧ್ಯವಾದದ್ದು 1962ರಲ್ಲಿ. ನೋಡುವುದಕ್ಕೂ ಕೈ ಹಾಕುವುದಕ್ಕೂ ನಡುವೆ 44 ವರ್ಷ!

ಚಿಪ್ಪು ಬದಲಿಸುವುದರಲ್ಲಿ ಇನ್ನೊಂದು ಕಷ್ಟ. ಹೊರಗಿನ ಗಾಯ ಸಣ್ಣದಾದರೂ ಒಳಗೆ ಎಲುಬು ಕತ್ತರಿಸುವುದು ಕಡಿಮೆಯಾಗುವುದಿಲ್ಲ. ಕಾಣುವ ಜಾಗ ಮಾತ್ರ ಕಿರಿದು. ಜೋಡಣೆ ಓರೆಯಾದರೆ ಹೊಸ ಕೀಲು ಬೇಗ ಸವೆಯಬಹುದು. ಆದ್ದರಿಂದ ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಸಾಲದು, ಬಲ್ಲವರ ಎದುರು ಮಾಡಿ ತೋರಿಸಬೇಕು. ತಿಂಗಳಿಗೆ ಎಷ್ಟು ಕೇಸ್ ತರುತ್ತಾರೆ ಎಂದು ನೋಡಿ ಅನುಮತಿ ಕೊಡುವ ಆಸ್ಪತ್ರೆ ಇದ್ದರೆ ಅದು ರೋಗಿಗೆ ಮಾಡುವ ಮೋಸ ಎಂದೇ ನಮ್ಮ ಅಭಿಪ್ರಾಯ.

ಮರುದಿನ ನಾವು ಹಿಂಜರಿಯುತ್ತಲೇ ಡಾಕ್ಟರರಲ್ಲಿ ಕೇಳಿದೆವು. ಅವರು ಸಿಟ್ಟಾಗಲಿಲ್ಲ. ‘ದೊಡ್ಡ ಗಾಯದ್ದು ನಾನೊಬ್ಬನೇ ಮಾಡ್ತೇನೆ. ಇದಕ್ಕೆ ನನ್ನ ಹಿರಿಯರು ಜೊತೆಗಿರಬೇಕು, ಇಲ್ಲಿ ನನಗೆ ಇನ್ನೂ ಅಷ್ಟೇ ಅನುಮತಿ’ ಎಂದರು. ಹಿರಿಯರು ಊರಲ್ಲಿರಲಿಲ್ಲ. ಆಪರೇಷನ್ ಒಂದು ವಾರ ಮುಂದೆ ಹೋಯಿತು. ಆ ವಾರವೂ ಉಮ್ಮ ಕುರ್ಚಿಯಲ್ಲೇ ಕೂತು ನಮಾಝ್ ಮಾಡಿದರು.